ಬಸ್ ನಿಲ್ದಾಣವುಂಟು, ಬಸ್ಸೆಲ್ಲಿ?

ಮುಂಬಯಿಯ ಉಪನಗರ ರೈಲು ದಕ್ಷಿಣೋತ್ತರವಾಗಿ ಓಡುತ್ತದೆ. ಪೂರ್ವವನ್ನು ಪಶ್ಚಿಮಕ್ಕೆ, ನಿಲ್ದಾಣವನ್ನು ಮನೆಗೆ, ಮನೆಯನ್ನು ಆಸ್ಪತ್ರೆಗೆ ಜೋಡಿಸುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದದ್ದು ಬೆಸ್ಟ್ ಸಂಸ್ಥೆಯ ಕೆಂಪು ಬಸ್ಸು. ಹಗಲೆಲ್ಲ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ ವಿದ್ಯೆ ಗಳಿಸಿದ ನಮ್ಮವರ ಒಂದೆರಡು ತಲೆಮಾರುಗಳು ಈ ನಗರವನ್ನು ಪರಿಚಯ ಮಾಡಿಕೊಂಡದ್ದು ಬಹುಮಟ್ಟಿಗೆ ಅದೇ ಬಸ್ಸಿನ ಕಿಟಕಿಯಿಂದ. ಆ ಬಸ್ಸು ಇಂದು ಕಣ್ಣೆದುರಿಗೇ ಕರಗುತ್ತಿದೆ. ಅದು ಕಾಲಮಹಿಮೆಯಲ್ಲ, ಮನುಷ್ಯರೇ ಕೈಗೊಂಡ ನಿರ್ಣಯಗಳ ಫಲ ಎಂಬುದು ನನ್ನ ಅಭಿಪ್ರಾಯ.

ಕೇಂದ್ರ ಸರಕಾರದ ನೌಕರನಾದ ನನಗೆ ಪಕ್ಷ ರಾಜಕೀಯವನ್ನು ಬರೆಯುವ ಅಧಿಕಾರವಿಲ್ಲ, ಆಸೆಯೂ ಇಲ್ಲ. ಆದರೆ ಈ ನಗರಕ್ಕೆ ತೆರಿಗೆ ಕಟ್ಟುವ, ಬಸ್ಸಿಗಾಗಿ ಕಾಯುವ ನಾಗರಿಕನಾಗಿ ಲೆಕ್ಕ ಕೇಳುವ ಹಕ್ಕು ನನಗೂ ಉಂಟು.

ಮುಂಬಯಿಯಲ್ಲಿ ಮೊದಲ ಮೋಟಾರು ಬಸ್ಸು ಓಡಿದ್ದು 1926ರ ಜುಲೈ 15ರಂದು. ಖಾಸಗಿ ಕಂಪನಿಯಾಗಿದ್ದ ಸಂಸ್ಥೆಯನ್ನು ನಗರಪಾಲಿಕೆ ವಹಿಸಿಕೊಂಡದ್ದು 1947ರ ಆಗಸ್ಟ್ 7ರಂದು, ಎಂದರೆ ಸ್ವಾತಂತ್ರ್ಯಕ್ಕೆ ಸರಿಯಾಗಿ ಎಂಟು ದಿನ ಮೊದಲು. ಹೀಗೆ ಬೆಸ್ಟ್ ರಾಜ್ಯ ಸರಕಾರದ ನಿಗಮವಲ್ಲ. ಅದು ಪಾಲಿಕೆಯದೇ ಅಂಗ. ಅದೇ ಸಂಸ್ಥೆ ದಕ್ಷಿಣ ಮುಂಬಯಿಗೆ ವಿದ್ಯುತ್ತನ್ನೂ ಹಂಚುತ್ತದೆ. ದಶಕಗಳ ಕಾಲ ವಿದ್ಯುತ್ತಿನ ಲಾಭ ಬಸ್ಸಿನ ನಷ್ಟವನ್ನು ತುಂಬಿಕೊಟ್ಟಿತು. 2003ರ ವಿದ್ಯುತ್ ಕಾಯಿದೆಯ ನಂತರದ ವ್ಯವಸ್ಥೆಯಲ್ಲಿ, ವಿದ್ಯುತ್ ಗ್ರಾಹಕನು ಬಸ್ಸಿನ ನಷ್ಟವನ್ನೇಕೆ ಹೊರಬೇಕೆಂಬ ಪ್ರಶ್ನೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಆಸರೆ ಕಳಚಿದಾಗ ಅದರ ಸ್ಥಾನದಲ್ಲಿ ಇನ್ನೊಂದು ಸ್ಥಿರವಾದ ಆಸರೆಯನ್ನು ನಿಲ್ಲಿಸಲಿಲ್ಲ. ಮನೆಯ ಒಂದು ಕಂಬ ತೆಗೆದವನು ಇನ್ನೊಂದನ್ನು ಊರಬೇಕಲ್ಲವೆ?

ಪರಿಣಾಮ ಅಂಕಿಗಳಲ್ಲಿಯೇ ಇದೆ. 2010ರ ಸುಮಾರಿಗೆ ಬೆಸ್ಟಿನ ಬಳಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಬಸ್ಸುಗಳಿದ್ದವು. 2025ರ ಹೊತ್ತಿಗೆ ಅವು ಮೂರು ಸಾವಿರಕ್ಕಿಂತ ಕೆಳಗಿಳಿದವು. ಅವುಗಳಲ್ಲಿಯೂ ಸಂಸ್ಥೆಯ ಸ್ವಂತದ್ದೆನ್ನುವಂಥವು ಕೆಲವೇ ನೂರು. ಉಳಿದವು ‘ವೆಟ್ ಲೀಸ್’ ಪದ್ಧತಿಯವು: ಬಸ್ಸು ಗುತ್ತಿಗೆದಾರನದು, ಚಾಲಕನೂ ಅವನವನೇ, ಸಂಸ್ಥೆ ಕೊಡುವುದು ಕಿಲೋಮೀಟರಿಗೆ ಇಂತಿಷ್ಟೆಂದು ಬಾಡಿಗೆ. 2019ರಲ್ಲಿ ಕಾರ್ಮಿಕ ಸಂಘದೊಂದಿಗೆ ಮಾಡಿಕೊಂಡ ಒಪ್ಪಂದದಂತೆ 3,337 ಸ್ವಂತ ಬಸ್ಸುಗಳನ್ನು ಉಳಿಸಿಕೊಳ್ಳಬೇಕಿತ್ತು. ಆ ಸಂಖ್ಯೆ ಕಾಗದದಲ್ಲಿ ಉಳಿಯಿತು, ರಸ್ತೆಯಲ್ಲಿ ಅಲ್ಲ.

ಬಸ್ಸು ಕಡಿಮೆಯಾಯಿತು, ದರ ಹೆಚ್ಚಾಯಿತು. 2019ರ ಜುಲೈಯಲ್ಲಿ ಕನಿಷ್ಠ ದರವನ್ನು ಎಂಟು ರೂಪಾಯಿಯಿಂದ ಐದಕ್ಕೆ ಇಳಿಸಿದ್ದರು. 2025ರ ಮೇ 9ರಿಂದ ಅದು ಹತ್ತಾಯಿತು. ಹತ್ತು ರೂಪಾಯಿ ಏನು ಮಹಾ ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಲಿ. ಮನೆಯಿಂದ ಸ್ಟೇಷನ್ನಿಗೆ ಒಂದು ಬಸ್ಸು, ಇಳಿದ ಸ್ಟೇಷನ್ನಿನಿಂದ ಕೆಲಸದ ಸ್ಥಳಕ್ಕೆ ಇನ್ನೊಂದು; ಬರುವಾಗಲೂ ಅಷ್ಟೆ. ದಿನಕ್ಕೆ ನಾಲ್ಕು ಟಿಕೇಟು, ತಿಂಗಳಿಗೆ ಇಪ್ಪತ್ತೈದು ದಿನ. ಐದು ನೂರು ಇದ್ದದ್ದು ಸಾವಿರವಾಯಿತು. ಇದಕ್ಕೆ ರೈಲಿನ ಪಾಸು ಬೇರೆ. ಮನೆಗೆಲಸದ ಹೆಂಗಸಿಗೆ, ಸೆಕ್ಯುರಿಟಿ ಕಾವಲುಗಾರನಿಗೆ, ಹೋಟೆಲಿನ ಹುಡುಗನಿಗೆ ಈ ಐನೂರು ರೂಪಾಯಿ ಚಿಕ್ಕ ಮೊತ್ತವಲ್ಲ.

ಪಾಲಿಕೆಗೆ ಹಣವಿಲ್ಲವೆ? 2025-26ರ ಅದರ ಮುಂಗಡಪತ್ರ 74,427 ಕೋಟಿ ರೂಪಾಯಿಯದು. ದೇಶದ ನಗರಪಾಲಿಕೆಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಅದರ ಠೇವಣಿಗಳು ಒಂದು ಕಾಲಕ್ಕೆ ತೊಂಬತ್ತು ಸಾವಿರ ಕೋಟಿಯನ್ನು ದಾಟಿದ್ದವು. ಆ ಮುಂಗಡಪತ್ರದಲ್ಲಿ ಬೆಸ್ಟಿಗೆ ತೆಗೆದಿರಿಸಿದ ಅನುದಾನ ಸಾವಿರ ಕೋಟಿ, ಅಂದರೆ ನೂರು ರೂಪಾಯಿಯಲ್ಲಿ ಒಂದೂವರೆ ರೂಪಾಯಿಯೂ ಇಲ್ಲ. ಮರೀನ್ ಡ್ರೈವಿನಿಂದ ವರ್ಲಿಯವರೆಗಿನ ಹತ್ತೂವರೆ ಕಿಲೋಮೀಟರ್ ಕರಾವಳಿ ರಸ್ತೆಗೆ ಇದೇ ಪಾಲಿಕೆ ಹನ್ನೆರಡು ಸಾವಿರ ಕೋಟಿಗೂ ಮಿಕ್ಕಿ ವೆಚ್ಚ ಮಾಡಿದೆ. ರಸ್ತೆ ಸುಂದರವಾಗಿದೆ, ನಿಜ. ಆದರೆ ಅದರ ಮುಖ್ಯ ಫಲಾನುಭವಿ ಕಾರುಳ್ಳವನು.

ಇದರ ಹಿಂದೆ ಒಂದು ಆರ್ಥಿಕ ಕಾರಣವೂ ಇದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಪಾಲಿಕೆಯ ಬೆನ್ನೆಲುಬಾಗಿದ್ದ ಆಕ್ಟ್ರಾಯ್ ಹೋಯಿತು. ಈಗ ಅದರ ಬದಲು ರಾಜ್ಯ ಸರಕಾರದಿಂದ ಪರಿಹಾರ ಬರಬೇಕು. 2022ರಿಂದ ಐನೂರು ಚದರ ಅಡಿಯವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಮನ್ನಾ ಆಯಿತು. ಉಳಿದ ದೊಡ್ಡ ಆದಾಯವೆಂದರೆ ಕಟ್ಟಡ ಕಟ್ಟುವವರಿಂದ ಬರುವ ಶುಲ್ಕ ಮತ್ತು ಪ್ರೀಮಿಯಂ. ಒಮ್ಮೆ ಬರುವ ಹಣ ಒಮ್ಮೆ ಮುಗಿಯುವ ಕಾಮಗಾರಿಗೆ ಒಗ್ಗುತ್ತದೆ. ಅದಕ್ಕೆ ಶಿಲಾಫಲಕವೂ ಉಂಟು, ಉದ್ಘಾಟನೆಯೂ ಉಂಟು. ಬಸ್ಸಿಗೆ ಬೇಕಾದದ್ದು ವರ್ಷವರ್ಷವೂ ತಪ್ಪದೆ ಬರುವ ಹಣ. ದಿನವೂ ಸರಿಯಾಗಿ ಓಡುವ ಬಸ್ಸಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಗುತ್ತಿಗೆ ಪದ್ಧತಿಯ ಪರವಾದ ವಾದವನ್ನೂ ಮರೆಮಾಚಬಾರದು. ಸ್ವಂತ ಬಸ್ಸಿಗೆ ಭಾರಿ ಬಂಡವಾಳ ಬೇಕು. ಖಾಯಂ ನೌಕರರ ಸಂಬಳ, ನಿವೃತ್ತಿ ವೇತನಗಳ ಹೊರೆ ದೊಡ್ಡದು. ವಿದ್ಯುತ್ ಚಾಲಿತ ಹವಾನಿಯಂತ್ರಿತ ಬಸ್ಸುಗಳು ಬೇಗ ಬಂದದ್ದು ಗುತ್ತಿಗೆಯಿಂದಲೇ. ಇದನ್ನು ಒಪ್ಪುತ್ತೇನೆ. ಆದರೆ ಅಗ್ಗವೆಂದು ತೋರಿದ್ದು ಕೊನೆಗೆ ಅಗ್ಗವೆ? ಬಾಡಿಗೆ ಕಟ್ಟುಪಡಿಯಾಗದೆಂದು ಕೆಲವು ಗುತ್ತಿಗೆದಾರರು ನಡುವೆಯೇ ಕೈಬಿಟ್ಟು ಹೋದರು. ಸಂಬಳಕ್ಕಾಗಿ ಚಾಲಕರು ಮತ್ತೆ ಮತ್ತೆ ಮುಷ್ಕರ ಹೂಡಿದರು. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ ಗುತ್ತಿಗೆಯ ಬಸ್ಸೊಂದು ಜನರ ಮೇಲೆ ಹರಿದು ಹಲವರು ಪ್ರಾಣ ಕಳೆದುಕೊಂಡಾಗ, ಚಾಲಕನ ತರಬೇತಿ ಯಾರ ಹೊಣೆ ಎಂಬ ಪ್ರಶ್ನೆ ಎದ್ದಿತು. ಗುತ್ತಿಗೆ ಇರಲಿ, ಆದರೆ ಗುತ್ತಿಗೆದಾರನು ಹೋದ ದಿನವೂ ನಗರ ನಡೆಯಬೇಕಾದರೆ ಸ್ವಂತ ಬಸ್ಸು, ಸ್ವಂತ ಚಾಲಕ, ಸ್ವಂತ ಕಾರ್ಯಾಗಾರ ಸಂಸ್ಥೆಯ ಕೈಯಲ್ಲಿರಲೇಬೇಕು.

ಈ ಎಲ್ಲ ನಿರ್ಣಯಗಳು ಯಾರ ಮುಂದೆ ಚರ್ಚೆಯಾದವು? ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಪಾಲಿಕೆಯ ಐದು ವರ್ಷದ ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೂ 2022ರ ಮಾರ್ಚ್‌ನಿಂದ 2026ರ ಜನವರಿಯ ಚುನಾವಣೆಯವರೆಗೆ ಮುಂಬಯಿಗೆ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯೇ ಸರ್ವಸ್ವ. ದರ ಇಮ್ಮಡಿಯಾದದ್ದು ಆ ಅವಧಿಯಲ್ಲಿ. ಅಧಿಕಾರಿಯ ಸಾಮರ್ಥ್ಯವನ್ನು ನಾನು ಸಂಶಯಿಸುವುದಿಲ್ಲ, ನಾನೂ ಅದೇ ಜಾತಿಯವನು. ಆದರೆ ಅಧಿಕಾರಿ ಕಡತಕ್ಕೆ ಉತ್ತರ ಕೊಡುತ್ತಾನೆ, ಕ್ಯೂನಲ್ಲಿ ನಿಂತವನಿಗಲ್ಲ.

ಇನ್ನೊಂದು ವಿಚಿತ್ರವನ್ನು ಓದುಗರು ಗಮನಿಸಬೇಕು. ಅದೇ ತಿದ್ದುಪಡಿ ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ ಹದಿನೆಂಟು ಬಾಬುಗಳಿವೆ. ಅಲ್ಲಿ ಬೀದಿದೀಪವಿದೆ, ಸ್ಮಶಾನವಿದೆ, ದೊಡ್ಡಿಯಿದೆ, ಬಸ್ ನಿಲ್ದಾಣವೂ ಇದೆ. ಬಸ್ಸು ಇಲ್ಲ! ನಿಲ್ದಾಣ ಕಟ್ಟುವುದು ನಗರದ ಕರ್ತವ್ಯ, ಬಸ್ಸು ಓಡಿಸುವುದು ಅದರ ಔದಾರ್ಯ ಎಂಬಂತಾಗಿದೆ.

ಬೆಂಗಳೂರನ್ನು ನೋಡಿ ಎನ್ನುವ ಸ್ನೇಹಿತರಿದ್ದಾರೆ. ಅಲ್ಲಿ ಬಿ.ಎಂ.ಟಿ.ಸಿ.ಯ ಬಳಿ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಪ್ರಯಾಣ ಉಚಿತ. ಆದರೆ ಅದು ರಾಜ್ಯ ಸರಕಾರದ ಸಂಸ್ಥೆ. ಅದರ ಯೋಗಕ್ಷೇಮ ವಿಧಾನಸೌಧದ ಇಚ್ಛೆಗೆ ಬಿಟ್ಟದ್ದು. ಅಲ್ಲಿಯೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಳೆದವು. ಮುಂಬಯಿಯ ಭಾಗ್ಯವೆಂದರೆ ಬಸ್ಸು ನಗರದ್ದೇ ಆಗಿರುವುದು. ಅದನ್ನು ಕಳೆದುಕೊಂಡರೆ ಮತ್ತೆ ಪಡೆಯುವುದು ಕಷ್ಟ.

ಆದ್ದರಿಂದ ನನ್ನ ಸೂಚನೆಗಳು ಮೂರು. ಬೆಸ್ಟಿಗೆ ವರ್ಷವರ್ಷವೂ ಕೈಚಾಚುವ ಅನುದಾನದ ಬದಲು, ಪಾಲಿಕೆಯ ಆದಾಯದಲ್ಲಿ ನಿಶ್ಚಿತ ಪಾಲು ನಿರ್ಧಾರವಾಗಲಿ. ಒಟ್ಟು ಬಸ್ಸುಗಳಲ್ಲಿ ಅರ್ಧದಷ್ಟಾದರೂ ಸ್ವಂತದ್ದಾಗಿರಲಿ. ಡಿಪೊಗಳ ಬೆಲೆಬಾಳುವ ಜಮೀನಿನಲ್ಲಿ ಏನೇ ಕಟ್ಟಿದರೂ ಬಸ್ಸು ನಿಲ್ಲುವ ಜಾಗ ಒಂದು ಚದರ ಅಡಿಯೂ ಕಡಿಮೆಯಾಗದಿರಲಿ, ಬಂದ ಹಣ ಬಸ್ಸಿಗೇ ಸಲ್ಲಲಿ. ಗಿರಣಿಗಳ ಜಮೀನು ಏನಾಯಿತೆಂಬುದನ್ನು ಪರೇಲಿನವರಿಗೆ ಹೇಳಬೇಕಾಗಿಲ್ಲ.

ನಮ್ಮ ಸಂಘಗಳು ನಾಡಹಬ್ಬ ಮಾಡುತ್ತವೆ, ಯಕ್ಷಗಾನ ಆಡಿಸುತ್ತವೆ, ವಿದ್ಯಾರ್ಥಿವೇತನ ಹಂಚುತ್ತವೆ, ಎಲ್ಲವೂ ಒಳ್ಳೆಯದೇ. ಆದರೆ ನಾವಿಲ್ಲಿ ಅತಿಥಿಗಳಲ್ಲ. ಇಲ್ಲಿಯ ಮತದಾರರು, ತೆರಿಗೆದಾರರು. ಈಗ ವಾರ್ಡುಗಳಲ್ಲಿ ಚುನಾಯಿತ ನಗರಸೇವಕರಿದ್ದಾರೆ. ಸಂಘದ ಸಮಾರಂಭಕ್ಕೆ ಅವರನ್ನು ಕರೆದು ಶಾಲು ಹೊದಿಸುವ ಮುನ್ನ ಒಂದು ಮಾತು ಕೇಳೋಣ: ನಮ್ಮ ವಾರ್ಡಿನಲ್ಲಿ ಯಾವ ಯಾವ ಬಸ್ ಮಾರ್ಗ ನಿಂತಿದೆ, ಅದು ಎಂದು ಮರಳುತ್ತದೆ? ಉತ್ತರವನ್ನು ಬರಹದಲ್ಲಿ ಪಡೆಯೋಣ. ಶಾಲು ಆಮೇಲೆ ಹೊದಿಸಬಹುದು.