ಕಿವಿ ಮಂದವಾದ ಬೆಕ್ಕು

ಸೂಳೆಕೆರೆಯ ನೀರುಂಡು ಭತ್ತ, ಅಡಿಕೆ ಬೆಳೆಯುವ ಚನ್ನಗಿರಿ ಸೀಮೆಯಲ್ಲಿ ಬೆಕ್ಕು ಮನೆ ಸೇರುವುದು ಹೆಚ್ಚಾಗಿ ಇಲಿಗಳ ದೆಸೆಯಿಂದ. ಮುಪ್ಪಿನಲ್ಲಿ ಅದರ ಕಿವಿ ಮಂದವಾಗುತ್ತದೆ. ಇಲಿಯ ಸದ್ದಿರಲಿ, ಕರೆದ ದನಿಯೂ ಕೇಳದು. ಆಗ ಅದನ್ನು ಚೀಲದಲ್ಲಿ ಕಟ್ಟಿ ಕೆರೆಯ ಏರಿಯಾಚೆ ಬಿಟ್ಟುಬರುವ ಮಾತು ಏಳುವುದುಂಟು.

ಬೆಕ್ಕು ಸಾಕುವುದೇ ಶ್ರಾವಕನಿಗೆ ಸಲ್ಲದಲ್ಲವೇ ಎಂದು ಕೆಲವರು ಶಾಸ್ತ್ರವನ್ನೂ ಮುಂದಿಡಬಹುದು. ಸ್ವಾಮಿ ಕುಮಾರರ ಕಾರ್ತಿಕೇಯಾನುಪ್ರೇಕ್ಷೆ ಅದನ್ನು ಅನರ್ಥದಂಡದಲ್ಲಿ ಎಣಿಸಿರುವುದು ನಿಜ. ಮುಂದಿನ ಮರಿಯನ್ನು ಮನೆಗೆ ತರುವ ಮುನ್ನ ಅದನ್ನು ನೆನೆಯುವುದು ಉಚಿತ. ಬೇಟೆಯ ಲಾಭ ಉಂಡಷ್ಟು ಕಾಲ ಮರೆತಿದ್ದ ನಿಷೇಧ, ಬೇಟೆ ನಿಂತೊಡನೆ ನೆನಪಾದರೆ ಅದನ್ನು ವ್ರತನಿಷ್ಠೆ ಎನ್ನಲಾದೀತೇ? ಆಶ್ರಿತ ಜೀವಿಗೆ ಅನ್ನಪಾನ ತಪ್ಪಿಸುವುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಸೇರಿಸಿದೆ. ಹೊಡೆಯುವುದೂ ಅವುಗಳಲ್ಲೊಂದು. ಸದ್ದು ಕೇಳದ ಬೆಕ್ಕು ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಪರಚುತ್ತದೆ, ಪೊರಕೆಯ ಏಟು ತಿನ್ನುತ್ತದೆ. ಎದುರಿನಿಂದ ಬಂದು ನೆಲವನ್ನು ಮೆಲ್ಲಗೆ ತಟ್ಟಿದರೆ ಸಾಕು. ಕಂಪನ ಅದರ ಪಾದಕ್ಕೆ ತಿಳಿಯುತ್ತದೆ.

ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರ ಎಂಬ ಕ್ರಮದಲ್ಲಿ ಶ್ರೋತ್ರವೇ ಕೊನೆಯದು. ಅದು ಕುಂದಿದ ಮಾತ್ರಕ್ಕೆ ಬೆಕ್ಕು ನಾಲ್ಕಿಂದ್ರಿಯಗಳ ಜೀವವಾಗದು. ಜಾತಿನಾಮಕರ್ಮದಿಂದ ಬಂದ ಪಂಚೇಂದ್ರಿಯತ್ವ ಈ ಭವ ಮುಗಿಯುವ ತನಕ ಅದಕ್ಕಿದೆ. ಕಿವುಡಾದ ಮನುಷ್ಯನ ವಿಷಯದಲ್ಲಿ ಇದನ್ನು ಯಾರೂ ಸಂದೇಹಿಸರು. ವಾಹನದ ಸದ್ದು ಕೇಳದ ಆ ಜೀವವನ್ನು ರಸ್ತೆಗೆ ಬಿಡದೆ ಅಂಗಳದೊಳಗೇ ಇರಿಸಿಕೊಂಡು, ಹಾಲು ಅನ್ನದ ಬಟ್ಟಲನ್ನು ಅದರ ಕಣ್ಣಿಗೆ ಬೀಳುವಲ್ಲಿ ಇಡಬೇಕು.