ದೂರದವರ ದನಿ

‘ಕೊಡ್ಲಿಪೇಟೆಯಲ್ಲಿ ಕೂತು ನಾವೇನು ಮಾಡೋಕಾಗತ್ತೆ?’ ಅಂತೀರಲ್ಲ ಅಕ್ಕಾ, ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿ ನೆನಪಿದೆಯೇ? 2016ರ ಡಿಸೆಂಬರಿನಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿ ಹೆಂಗಸರು ಮಕ್ಕಳು ಮರಿ ಕಟ್ಟಿಕೊಂಡು ಅಲ್ಲೇ ಕೂತರು. ಆ ಚಳಿ ನಿಮಗೆ ಗೊತ್ತೇ ಇದೆ. ಕಾಡಂಚಿನ ಕೂಗು ಕಚೇರಿಗೆ ಮುಟ್ಟುವುದು ಸುಲಭವೇ? ಬೆಂಗಳೂರಿನಿಂದ ಜನ ಬಂದರು. 98 ವರ್ಷದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರೂ ದನಿಗೂಡಿಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಯ್ತು, ಮಂತ್ರಿಗಳೂ ಬಂದರು.

ಹಾಗಂತ ಎಲ್ಲಾ ಬಂದವರಿಂದಲೇ ಅನ್ನಬೇಡಿ. ಅವರು ಊರಿಗೆ ಮರಳಿದರು, ಇವರು ಇಬ್ಬನಿಯಲ್ಲಿ ಉಳಿದರು. ಇವರು ಕದಲದ್ದರಿಂದಲೇ ಅವರ ಮಾತಿಗೂ ತೂಕ ಬಂತು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಸಿಕ್ಕಿತು. ಕಾಡು ಬಿಟ್ಟ ಸಂಕಟ ಬೇರೆಯೇ, ಬಿಡಿ.

ಬ್ಯಾಡಗೊಟ್ಟ ನಮಗೇನೂ ದೂರವಲ್ಲ. ಆ ಕಡೆ ಹೋದಾಗ ನೀರು, ದಾರಿ ಹೇಗಿದೆ ಅಂತ ಅಲ್ಲಿನ ಹೆಂಗಸರನ್ನೇ ಕೇಳಿ. ಕೊರತೆಯಿದ್ದರೆ, ಅವರು ಒಪ್ಪಿದರೆ, ನಾಲ್ಕು ಜನ ಸಹಿ ಹಾಕಿ ತಹಸೀಲ್ದಾರರಿಗೆ ಒಂದು ಅರ್ಜಿ ಬರೆಯಿರಿ.