ಪತ್ತಾರರ ಕುತ್ತಿಗೆ ನೋವು ಯಾರ ಲೆಕ್ಕಕ್ಕೆ?

ಪತ್ತಾರರ ಅಂಗಡಿಗೆ ಹೋದರೆ ನಾವು ತೂಕ ನೋಡುತ್ತೇವೆ, ಹೊಳಪು ನೋಡುತ್ತೇವೆ. ಅವರು ಕೂತಿರುವ ರೀತಿ ನೋಡುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ, ಮುಂದೆ ಗಿಡ್ಡ ಮಣೆ, ಬಗ್ಗಿದ ಕುತ್ತಿಗೆ. ಮೂಗುತಿಗೆ ಹರಳು ಕೂರಿಸಲು, ಸರದ ಕೊಂಡಿಗೆ ಬೆಸುಗೆ ಹಾಕಲು ತಾಸುಗಟ್ಟಲೆ ಹಾಗೇ ಇರಬೇಕು. ಮದುವೆ ಸೀಜನ್ ಬಂದರೆ ರಾತ್ರಿಯೂ ಅದೇ.

ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಮೇಲೆ ಭಾರ ಹೆಚ್ಚುತ್ತದೆ. ದಿನವಿಡೀ ಚಿಮಟ, ಅರ ಹಿಡಿದ ಬೆರಳು, ಮಣಿಕಟ್ಟು ಜೋಮು ಹಿಡಿಯುತ್ತವೆ. 'ವಯಸ್ಸಾಯ್ತು' ಅಂತ ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ನಲವತ್ತಕ್ಕೇ ಬರುವ ನೋವಿಗೆ ವಯಸ್ಸು ಹೇಗೆ ಕಾರಣವಾದೀತು? ಇದು ಕೆಲಸದಿಂದ ಬಂದ ಕಾಯಿಲೆ.

ಇಎಸ್‌ಐ ಸಾಮಾನ್ಯವಾಗಿ ಕಡ್ಡಾಯವಾಗುವುದು 10 ಜನ ಕೆಲಸಗಾರರಿದ್ದರೆ. ಇಬ್ಬರು ಮೂವರು ಕೂರುವ ನಮ್ಮೂರ ಅಂಗಡಿಗಳು ಅದರ ಹೊರಗೇ ಉಳಿಯುತ್ತವೆ.

ಆದರೆ 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರೂ ಇದ್ದಾರೆ. ತರಬೇತಿ ವೇಳೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಎದೆಮಟ್ಟದ ಮೇಜು, ಬೆನ್ನಿಗೆ ಆಸರೆಯಿರುವ ಕುರ್ಚಿಯನ್ನೂ ಉಪಕರಣವೆಂದೇ ಎಣಿಸಬೇಕು. ಕೂರುವ ರೀತಿಯೂ ತರಬೇತಿಯಲ್ಲಿ ಪಾಠವಾಗಬೇಕು. ಇದು ನಮ್ಮ ಒತ್ತಾಯ.

ಗಿರಾಕಿಗಳಾಗಿ ನಾವು ಮಾಡಬಹುದಾದದ್ದೂ ಒಂದಿದೆ. 'ನಾಳೆ ಬೆಳಿಗ್ಗೆಯೇ ಬೇಕು' ಅನ್ನದೆ, ಹದಿನೈದು ದಿನ ಮೊದಲೇ ಆರ್ಡರ್ ಕೊಡೋಣ. ಅರ್ಧ ಗಂಟೆಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಲು ಅವರಿಗೂ ಪುರುಸೊತ್ತು ಸಿಗಲಿ.